ಕವಳ ಬಿಟ್ಟ ಬಾಯಿಗೆ ಏನು ಕೊಡುವುದು?

ಶಿರಸಿ ಸೀಮೆಯ ನನ್ನ ಸೋದರಮಾವನ ಮನೆಯ ಜಗುಲಿಯಲ್ಲಿ ಒಂದು ಹಿತ್ತಾಳೆ ಹರಿವಾಣ ಇದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಸುಣ್ಣದ ಡಬ್ಬಿ, ಅಡಕತ್ತರಿ, ಏಳೆಂಟು ಅಡಿಕೆ, ತಗಡಿನ ಡಬ್ಬಿಯಲ್ಲಿ ತಂಬಾಕು. ಬಂದವರಿಗೆ ನೀರು ಬೆಲ್ಲ ಕೊಟ್ಟಾದ ಮೇಲೆ ಮುಂದಕ್ಕೆ ಸರಿಯುವುದು ಆ ಹರಿವಾಣವೇ. ಎಲೆಯ ತೊಟ್ಟು ಮುರಿದು, ಪಂಚೆಗೆ ಒರೆಸಿ, ಬೆರಳ ತುದಿಯಲ್ಲಿ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು, ತಂಬಾಕಿನ ಎಸಳು ಮುರಿದು ಮಡಚಿ ಕವಳ ಬಾಯಿಗಿಡುವಷ್ಟರಲ್ಲಿ ಎರಡು ನಿಮಿಷ ಕಳೆದಿರುತ್ತದೆ. ಬಂದವರ ಮುಖ ನೋಡಿ, ಬಂದ ಕೆಲಸ ಏನಿರಬಹುದೆಂದು ಅಳೆದು, ಉತ್ತರ ಹೊಂದಿಸಿಕೊಳ್ಳಲು ಮಾವನಿಗೆ ಅಷ್ಟು ಹೊತ್ತು ಸಾಕು. ಸಾಲ ಕೇಳಲು ಬಂದವರಿಗೂ ಕೊಟ್ಟ ಸಾಲ ವಾಪಸು ಕೇಳಲು ಬಂದವರಿಗೂ ಒಂದೇ ಉಪಚಾರ.

ಸುಮಾರು ನಲವತ್ತು ವರ್ಷ ಹೀಗೆ ನಡೆದ ಮೇಲೆ ಹಲ್ಲುನೋವಿಗೆಂದು ಹೋದಾಗ ಡಾಕ್ಟರು ಕೆನ್ನೆಯ ಒಳಮೈಯಲ್ಲಿ ಬಿಳಿ ಮಚ್ಚೆ ಕಂಡರು. ಇವತ್ತೇ ಬಿಡಿ ಎಂದರು. ಮಾವ ಬಿಟ್ಟರು. ಅತ್ತೆ ಹರಿವಾಣವನ್ನು ಅಟ್ಟಕ್ಕೆ ಹಾಕಿದರು. ಮೂರನೆಯ ದಿನ ಸಂಜೆ ಪಕ್ಕದ ತೋಟದವರು ಬಂದು ತಮ್ಮ ಸಂಚಿ ಬಿಚ್ಚಿದರು, ಅಲ್ಲಿಗೆ ಮುಗಿಯಿತು. ನಾಲ್ಕು ವರ್ಷದಲ್ಲಿ ನಾಲ್ಕು ಸಲ ಬಿಟ್ಟರು, ನಾಲ್ಕು ಸಲವೂ ಮತ್ತೆ ಹಿಡಿದರು. ಪ್ರತಿ ಸಲವೂ ಮನೆಯವರ ತೀರ್ಪು ಒಂದೇ: ಮನಸ್ಸು ಗಟ್ಟಿ ಇಲ್ಲ.

ನನಗೆ ಆ ತೀರ್ಪು ಯಾವಾಗಲೂ ಇರುಸುಮುರುಸು ತರುತ್ತಿತ್ತು. ಕೊಯ್ಲಿನ ಕಾಲದಲ್ಲಿ ನಸುಕಿಗೇ ಎದ್ದು ಅಡಿಕೆ ಬೇಯಿಸಲು ಒಲೆಗೆ ಬೆಂಕಿ ಹಾಕುವ, ಕೊಳೆರೋಗ ಬಂದ ವರ್ಷವೂ ಎದೆಗುಂದದ ಮನುಷ್ಯನಿಗೆ ಮನಸ್ಸು ಗಟ್ಟಿ ಇಲ್ಲ ಎಂದರೆ ನಂಬುವುದು ಹೇಗೆ? ತೋಟದಲ್ಲಿ ಗಟ್ಟಿಯಾಗಿದ್ದ ಮನಸ್ಸು ಜಗುಲಿಗೆ ಬಂದೊಡನೆ ಮೆತ್ತಗಾಗುತ್ತದೆಯೇ?

ಆಗುತ್ತದಂತೆ. ಜಗುಲಿ ಎಂಬ ಜಾಗಕ್ಕೆ ಅಷ್ಟು ಶಕ್ತಿ ಇದೆ. 2011ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವಿದೆ. ಡೇವಿಡ್ ನೀಲ್, ವೆಂಡಿ ವುಡ್ ಮತ್ತು ಸಂಗಡಿಗರದು. ಸಿನಿಮಾ ನೋಡಲು ಬಂದವರಲ್ಲಿ ಕೆಲವರಿಗೆ ಆಗಷ್ಟೇ ಹುರಿದ ಪಾಪ್‌ಕಾರ್ನ್, ಕೆಲವರಿಗೆ ಏಳು ದಿನದ ಹಿಂದಿನ ಮೆತ್ತಗಾದ ಸರಕು ಕೊಟ್ಟರು. ಸಿನಿಮಾಕ್ಕೆ ಹೋದಾಗೆಲ್ಲ ಪಾಪ್‌ಕಾರ್ನ್ ತಿನ್ನುವ ರೂಢಿ ಇದ್ದವರು ಹಳಸಿದ್ದನ್ನೂ ತಾಜಾದ್ದರಷ್ಟೇ ತಿಂದರು. ರುಚಿ ಕೆಟ್ಟಿದೆ ಎಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಕೇಳಿದಾಗ ಚೆನ್ನಾಗಿಲ್ಲ ಎಂದೇ ಹೇಳಿದರು. ಆದರೆ ಕತ್ತಲ ಹಾಲ್, ಬೆಳಗುವ ಪರದೆ, ತೊಡೆಯ ಮೇಲೆ ಡಬ್ಬ, ಇಷ್ಟು ಇದ್ದರೆ ಕೈ ತಾನಾಗಿ ಓಡಾಡುತ್ತದೆ. ಅದೇ ರೂಢಿಯವರನ್ನು ಸಭಾಕೊಠಡಿಯಲ್ಲಿ ಕೂರಿಸಿ ಹಾಡಿನ ವಿಡಿಯೋ ತೋರಿಸಿದಾಗ ಹಳಸಿದ್ದನ್ನು ಪಕ್ಕಕ್ಕಿಟ್ಟರು. ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಅವರದೇ ಇನ್ನೊಂದು ಪ್ರಯೋಗ: ಸಿನಿಮಾ ಹಾಲಿನಲ್ಲೇ, ರೂಢಿಯ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ತಿನ್ನಿ ಎಂದರು. ಅಷ್ಟಕ್ಕೇ ಜನ ಎಚ್ಚೆತ್ತುಕೊಂಡರು. ಎಡಗೈಗೆ ಚಟ ಗೊತ್ತಿರಲಿಲ್ಲ.

ಕನ್ನಡದಲ್ಲಿ ನಾವು ಚಟ ಹಿಡಿಯಿತು ಎನ್ನುತ್ತೇವೆ, ಚಟ ಬಿಟ್ಟ ಎನ್ನುತ್ತೇವೆ. ಕೈಯಲ್ಲಿ ಹಿಡಿದ ಕಲ್ಲನ್ನು ಕೆಳಗೆ ಹಾಕಿದಷ್ಟು ಸುಲಭದ ಮಾತು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಅದರ ಹಿಂದೆಯೇ ತಂದು ನಿಲ್ಲಿಸುತ್ತೇವೆ. ಆದರೆ ಕವಳ ಯಾರ ಹುಟ್ಟುಗುಣವೂ ಅಲ್ಲ. ಅದು ಕಲಿತದ್ದು. ಕಲಿತದ್ದರ ತೊಂದರೆ ಬೇರೆಯದು: ಅದು ಅಳಿಸುವುದಿಲ್ಲ. ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತ ನಾಯಿಗೆ ಊಟ ಕೊಡದೆ ಬರೀ ಸದ್ದು ಕೇಳಿಸುತ್ತ ಹೋದರೆ ಕೊನೆಗೆ ಜೊಲ್ಲು ನಿಲ್ಲುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ಮತ್ತೆ ಸದ್ದು ಮಾಡಿದರೆ ಜೊಲ್ಲು ಹಾಜರು. ಪಾವ್ಲೋವ್ ಇದನ್ನು ನೂರು ವರ್ಷಗಳ ಹಿಂದೆಯೇ ಕಂಡಿದ್ದ. ಹಳೆಯ ಪಾಠ ಹೋಗಿರಲಿಲ್ಲ, ಅದರ ಮೇಲೆ ಹೊಸದೊಂದು ಕೂತಿತ್ತು ಅಷ್ಟೆ. ಹೊಸದನ್ನು ಏನೂ ಕೂರಿಸದೆ ಬರೀ ಬಿಡು ಎಂದರೆ ಜಾಗ ಖಾಲಿ ಉಳಿಯುತ್ತದೆ. ಖಾಲಿ ಜಾಗಕ್ಕೆ ಮೊದಲು ಓಡಿ ಬರುವುದು ಹಳೆಯ ಒಕ್ಕಲೇ.

ಇಲ್ಲಿ ನನ್ನದೂ ಒಂದು ಹೇಳಿಬಿಡಬೇಕು. ನಾನು ಉಗುರು ಕಚ್ಚುತ್ತೇನೆ. ಐವತ್ತರ ಹತ್ತಿರ ಬಂದ ಗಂಡಸು ಹೇಳಿಕೊಳ್ಳುವ ವಿಷಯವಲ್ಲ. ಚಿಕ್ಕಂದಿನಲ್ಲಿ ಅಮ್ಮ ಬೆರಳಿಗೆ ಬೇವಿನ ರಸ ಹಚ್ಚಿದರು. ಒಂದು ವಾರದಲ್ಲಿ ಬೇವು ರುಚಿಯೆನಿಸತೊಡಗಿತು. ಈಚೆಗೆ ಓದುತ್ತ ಹೋದಾಗ ಸಿಕ್ಕಿದ್ದು ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಪ್ರಕಟಿಸಿದ ಪ್ರಬಂಧ. ಉಗುರು ಕಚ್ಚುವುದು, ಬೆರಳು ಚೀಪುವುದು, ರೆಪ್ಪೆಗೂದಲು ಕೀಳುವುದು, ತಲೆ ಭುಜ ತಾನೇ ಅಲುಗುವುದು ಇಂಥ ತೊಂದರೆಯ ಹನ್ನೆರಡು ಜನರಿಗೆ ಅವರು ಹೇಳಿಕೊಟ್ಟ ವಿದ್ಯೆ ನಾಚಿಕೆಯಾಗುವಷ್ಟು ಸರಳ. ಮೊದಲು, ಕೈ ಯಾವಾಗ ಹೊರಡುತ್ತದೆ ಎಂದು ಕಂಡುಕೊಳ್ಳುವುದು. ಬಾಯಿಗೆ ಬಂದ ಮೇಲೆ ತಿಳಿದರೆ ತಡವಾಯಿತು, ತೊಡೆ ಬಿಟ್ಟು ಏಳುವಾಗಲೇ ತಿಳಿಯಬೇಕು. ಆಮೇಲೆ, ಆ ಚಲನೆಯ ಜೊತೆ ಒಟ್ಟಿಗೆ ಮಾಡಲಾಗದ ಇನ್ನೊಂದು ಚಲನೆ. ಉಗುರು ಕಚ್ಚುವವರು ಮುಷ್ಟಿ ಬಿಗಿ ಹಿಡಿಯುವುದು ಅಥವಾ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುವುದು. ಸುಮಾರು ಮೂರು ನಿಮಿಷ. ಬಿಗಿದ ಮುಷ್ಟಿಯ ಉಗುರನ್ನು ಯಾರೂ ಕಚ್ಚಲಾರರು. ಮೊದಲ ದಿನವೇ ಹನ್ನೆರಡೂ ಜನರ ಚಟ ಹೆಚ್ಚುಕಮ್ಮಿ ನಿಂತಿತು, ಹೇಳಿದ್ದನ್ನು ಬಿಡದೆ ಮಾಡಿದ ಹನ್ನೊಂದು ಜನರಿಗೆ ಮರಳಲಿಲ್ಲ ಎಂದು ಪ್ರಬಂಧ ಹೇಳುತ್ತದೆ.

ಹನ್ನೆರಡು ಜನ ಎಂದರೆ ಒಂದು ಮದುವೆಪಂಕ್ತಿಯ ಅರ್ಧವೂ ಅಲ್ಲ, ಅಷ್ಟರ ಮೇಲೆ ಪವಾಡ ಕಟ್ಟಬಾರದು. ಆದರೆ ಆ ಮೇಲಿನ ಐವತ್ತು ವರ್ಷಗಳಲ್ಲಿ ಈ ಕ್ರಮ ಅಂಥ ತೊಂದರೆಗಳಿಗೆ ಚಿಕಿತ್ಸಕರು ಮೊದಲು ಕೈಹಾಕುವ ವಿಧಾನಗಳಲ್ಲಿ ಒಂದಾಗಿ ಉಳಿದಿದೆ. ಪತಂಜಲಿ ಯೋಗಸೂತ್ರದ ಎರಡನೆಯ ಪಾದದಲ್ಲಿ ಪ್ರತಿಪಕ್ಷ ಭಾವನೆ ಎಂಬ ಮಾತಿದೆ: ಕೆಟ್ಟ ಯೋಚನೆ ಕಾಡಿದಾಗ ಅದಕ್ಕೆ ಎದುರಾದುದನ್ನು ಭಾವಿಸುವುದು. ಇದನ್ನು ಹಿಡಿದು ನಮ್ಮವರು ಮೊದಲೇ ಹೇಳಿದ್ದರು ಎಂದು ಎದೆಯುಬ್ಬಿಸುವ ಜಾಯಮಾನ ನನ್ನದಲ್ಲ. ಪತಂಜಲಿಗೆ ಮುಖ್ಯವಾಗಿದ್ದುದು ಮನಸ್ಸು, ಆಜ್ರಿನ್‌ಗೆ ಮುಷ್ಟಿ. ಆದರೂ ಇಬ್ಬರೂ ಬರೀ ಬೇಡ ಎನ್ನಲಿಲ್ಲ, ಬದಲಿಗೆ ಒಂದನ್ನು ಕೊಟ್ಟರು ಎಂಬುದು ಗಮನಕ್ಕೆ ಬರುತ್ತದೆ.

ಗಮನಿಸುತ್ತ ಹೋದಾಗ ನನ್ನ ಉಗುರಿನ ಗುಟ್ಟೂ ತಿಳಿಯಿತು. ಮನೆಯಲ್ಲಿ ಕಚ್ಚುವುದಿಲ್ಲ. ಬಸ್ಸಿನಲ್ಲಿ ಇಲ್ಲ. ಸೋಮವಾರದ ಸಭೆಯಲ್ಲಿ, ನನ್ನ ಸರದಿ ಇನ್ನೇನು ಬರುತ್ತದೆ ಎನ್ನುವಾಗ ಹೆಬ್ಬೆರಳು ಮೇಲೇಳುತ್ತದೆ. ಇಷ್ಟು ವರ್ಷ ಉಗುರಿನ ದೌರ್ಬಲ್ಯ ಎಂದುಕೊಂಡದ್ದು ನಾಲ್ಕು ಜನರ ಮುಂದೆ ಬಾಯಿ ತೆರೆಯುವ ಭಯವಾಗಿತ್ತು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಹೇಳುವ ಕ್ರಮದಂತೆ, ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಒಂದು ವಾಕ್ಯ ಕಟ್ಟಿಕೊಂಡೆ: ನನಗಿಂತ ಎರಡು ಕುರ್ಚಿ ಆಚೆಯವರು ಮಾತು ಶುರು ಮಾಡಿದರೆ ನಾನು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಮೊದಲ ವಾಕ್ಯ ಬರೆದುಕೊಳ್ಳುತ್ತೇನೆ. ಪೆನ್ನು ಕೈಯನ್ನು ಹಿಡಿಯಿತು, ಬರೆದ ವಾಕ್ಯ ಭಯವನ್ನು ಸ್ವಲ್ಪ ಹಿಡಿಯಿತು. ಒಂಬತ್ತು ಬೆರಳಿಗೆ ಈಗ ಉಗುರು ಇದೆ. ಬಲಗೈ ಹೆಬ್ಬೆರಳಿನ ಮಾತು ಬೇಡ.

ಬದಲಿ ಕೊಡುವುದೆಂದರೆ ಏನಾದರೊಂದು ಕೊಡುವುದಲ್ಲ ಎಂದು ಇದರಿಂದ ಕಲಿತೆ. ಚಟ ನಮಗೆ ಗುಟ್ಟಾಗಿ ಏನೋ ಒಂದು ಕೆಲಸ ಮಾಡಿಕೊಡುತ್ತಿರುತ್ತದೆ. ಆ ಕೆಲಸ ಯಾವುದೆಂದು ತಿಳಿಯದೆ ತಂದ ಬದಲಿ ಬಹಳ ದಿನ ನಿಲ್ಲುವುದಿಲ್ಲ, ಅಥವಾ ಇನ್ನೊಂದು ಚಟವಾಗಿ ಕೂರುತ್ತದೆ.

ಇದಕ್ಕೆ ಕರ್ನಾಟಕದಷ್ಟು ದೊಡ್ಡ ಉದಾಹರಣೆಯೇ ನಮ್ಮ ಮುಂದಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಹಳ್ಳಿಹಳ್ಳಿಯ ಹೆಂಗಸರು ಬೀದಿಗಿಳಿದು ಕೇಳಿದ್ದ ನಿಷೇಧ ಅದು, ಅವರ ನೋವಿನ ಬಗ್ಗೆ ಎರಡು ಮಾತಿಲ್ಲ. ಆದರೆ ಸಂಜೆ ಕೂಲಿ ಮುಗಿಸಿ ಬಂದ ಮೈಕೈ ನೋವು, ಕೈಯಲ್ಲಿನ ಬಟವಾಡೆ, ಕೂಡಿ ಕೂರುವ ಕಟ್ಟೆ ಹಾಗೇ ಉಳಿದವು. ಪಾಕೀಟು ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು, ಅದೂ ಹೆಚ್ಚು ಬೆಲೆಗೆ. 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧವಾದಾಗಲೂ ಅಷ್ಟೆ: ಗೂಡಂಗಡಿಯಲ್ಲಿ ಪಾನ್ ಮಸಾಲೆಯ ಒಂದು ಚೀಟಿ, ತಂಬಾಕಿನ ಇನ್ನೊಂದು ಚೀಟಿ ಜೋಡಿಯಾಗಿ ನೇತಾಡತೊಡಗಿದವು. ಗಿರಾಕಿ ಎರಡನ್ನೂ ಹರಿದು ಬಾಯಲ್ಲೇ ಬೆರೆಸಿಕೊಂಡ. ನಿಷೇಧ ಬೇಡವೆಂದು ನಾನು ವಾದಿಸುತ್ತಿಲ್ಲ. ದೇಶದಲ್ಲಿ ತಂಬಾಕು ಬಳಸುವ ವಯಸ್ಕರು 2009–10ರಲ್ಲಿ ಶೇ 34.6 ಇದ್ದವರು 2016–17ರಲ್ಲಿ ಶೇ 28.6ಕ್ಕೆ ಇಳಿದದ್ದರಲ್ಲಿ ಕಾನೂನು, ತೆರಿಗೆ, ಪ್ಯಾಕೆಟ್ಟಿನ ಮೇಲಿನ ಚಿತ್ರ ಎಲ್ಲದರ ಪಾಲೂ ಇರಬೇಕು. ಆದರೆ ಸರಕಾರ ತೆಗೆಯಬಲ್ಲದ್ದು ಸರಕನ್ನು ಮಾತ್ರ. ಸಂಜೆಯ ಆರು ಗಂಟೆಯನ್ನು ತೆಗೆಯಲಾರದು.

ಸಂಜೆಯ ಆರು ಗಂಟೆಯೇ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಪ್ರಸಂಗವಿದೆ. 1971ರಲ್ಲಿ ವಿಯೆಟ್ನಾಂ ಯುದ್ಧದಿಂದ ವಾಪಸಾದ ಅಮೆರಿಕನ್ ಸೈನಿಕರಲ್ಲಿ ಹತ್ತಿರಹತ್ತಿರ ಐದರಲ್ಲಿ ಒಬ್ಬ ಅಲ್ಲಿ ಹೆರಾಯಿನ್‌ಗೆ ದಾಸನಾಗಿದ್ದ. ಅವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಬೆನ್ನುಹತ್ತಿ ವಿಚಾರಿಸಿದಾಗ, ದಾಸರಾಗಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ದಾಸರಾದವರು ಸುಮಾರು ಶೇ 5 ಮಾತ್ರ. ಊರು ಬೇರೆ, ಗೆಳೆಯರು ಬೇರೆ, ತಲೆಯ ಮೇಲೆ ಗುಂಡಿನ ಸದ್ದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳಲ್ಲೂ ಮೊದಲು ನಡೆಯುವುದು ಇದೇ: ಮನುಷ್ಯನನ್ನು ಅವನ ಕಟ್ಟೆಯಿಂದ ಎಬ್ಬಿಸುವುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿಗಳು. ಒಂಬತ್ತನೆಯ ದಿನ ಊರಿಗೆ ಮರಳಿದವನಿಗೆ ಅದೇ ಕಟ್ಟೆ ಕಾದಿರುತ್ತದೆ. ಕುಡಿತ ಬಿಟ್ಟ ನಾಲ್ಕು ಜನ ಕೂಡುವ ಬೇರೊಂದು ಜಾಗ ಅಷ್ಟರಲ್ಲಿ ಸಿದ್ಧವಿರಬೇಕು. ಇನ್ನೊಂದು ಮಾತು: ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಮನೆಯಲ್ಲೇ ಥಟ್ಟನೆ ನಿಲ್ಲಿಸಬಾರದು. ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅಲ್ಲಿ ಬದಲಿ ಅಭ್ಯಾಸದ ಮಾತಿಗಿಂತ ಮುಂಚೆ ಡಾಕ್ಟರು ಬೇಕು.

ಮತ್ತೆ ಜಗುಲಿಗೆ ಬರೋಣ. ಮಾವನ ನಾಲ್ಕನೆಯ ಪ್ರಯತ್ನವೂ ಬದಲಿಯದೇ ಆಗಿತ್ತು, ಆದರೆ ತಪ್ಪು ಬದಲಿ. ತಂಬಾಕು ಬಿಟ್ಟು ಅಡಿಕೆಯನ್ನು ಎರಡು ಪಾಲು ಮಾಡಿಕೊಂಡರು. ಆರು ತಿಂಗಳು ಎಲ್ಲರೂ ಸಂತೋಷಪಟ್ಟೆವು. ಆಮೇಲೆ ಡಾಕ್ಟರು ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕಿ ನೋಡಿ ಎಂದರು. ಎರಡೂವರೆ ಹೋಯಿತು. ಕೆನ್ನೆಯ ಒಳಮೈ ನಾರುಗಟ್ಟಿ ಬಾಯಿ ಮುಚ್ಚುತ್ತ ಬರುವ ಆ ಕಾಯಿಲೆಗೆ ಅಡಿಕೆಯೇ ಮುಖ್ಯ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ತಂಬಾಕಿಲ್ಲದ ಅಡಿಕೆಯನ್ನೂ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ. ಅಡಿಕೆ ಮಾರಿ ಮಕ್ಕಳನ್ನು ಓದಿಸಿದ ಮನೆಯಲ್ಲಿ ಈ ಮಾತು ಎತ್ತುವುದು ಎಷ್ಟು ಕಷ್ಟ ಎಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಮಾವ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ನನಗೂ ಬಾಯಿ ಬರಲಿಲ್ಲ. ಆ ತೋಟದ ದುಡ್ಡಿನಲ್ಲೇ ನನ್ನ ಕಾಲೇಜು ಫೀ ಕಟ್ಟಿದ್ದು.

ಐದನೆಯ ಸಲ ಅವರು ತಂಬಾಕು ಬಿಡಿಸುವ ಆಪ್ತಸಮಾಲೋಚಕಿಯೊಬ್ಬರ ಬಳಿ ಹೋದರು. ಆ ಹುಡುಗಿ ಬಿಡಿ ಎಂದು ಹೇಳಲೇ ಇಲ್ಲವಂತೆ. ಒಂದು ವಾರ ಹಾಗೇ ತಿನ್ನಿ, ಆದರೆ ಪ್ರತಿ ಕವಳಕ್ಕೆ ಒಂದು ಗೀಟು ಎಳೆಯಿರಿ, ಎಲ್ಲಿ, ಯಾರ ಜೊತೆ ಎಂದು ಬರೆಯಿರಿ ಎಂದರಂತೆ. ಮಾವ ತೋಟದ ಲೆಕ್ಕದ ಪುಸ್ತಕದಲ್ಲೇ ಗೀಟು ಎಳೆದರು. ದಿನಕ್ಕೆ ಹದಿನಾಲ್ಕು. ಅದರಲ್ಲಿ ಒಂಬತ್ತು ಜಗುಲಿಯಲ್ಲಿ, ಎದುರಿಗೆ ಯಾರಾದರೂ ಕೂತಿದ್ದಾಗ. ತೋಟದಲ್ಲಿ ಒಬ್ಬರೇ ಇದ್ದ ಮೂರು ತಾಸಿನಲ್ಲಿ ಒಂದೋ ಎರಡೋ. ಬೆಳಿಗ್ಗೆ ಚಾ ಆದ ಕೂಡಲೇ ಮಾತ್ರ ಒಂದು ತಪ್ಪುತ್ತಿರಲಿಲ್ಲ. ಅದು ಇಲ್ಲದಿದ್ದರೆ ತಲೆ ಸಿಡಿತ.

“ಬಾಯಿ ಬರಿದಿದ್ರೆ ಮಾತೇ ಹೊಳೀತಿಲ್ಲೆ ತಮಾ” ಎಂದರು ನನ್ನೊಡನೆ.

ಆ ಪುಸ್ತಕ ನೋಡಿದ ಸಮಾಲೋಚಕಿಗೆ ಎರಡು ಬೇರೆ ಚಟ ಕಂಡವು. ಬೆಳಗಿನದು ನಿಕೋಟಿನ್‌ನ ಹಸಿವು. ಅದಕ್ಕೆ ಡಾಕ್ಟರ ಸಲಹೆಯಂತೆ ನಿಕೋಟಿನ್ ಗಮ್. ಇದನ್ನು ಜನ ಸಾಮಾನ್ಯವಾಗಿ ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಜಗಿದು, ಗಂಟಲು ಉರಿಸಿಕೊಂಡು, ಪ್ರಯೋಜನವಿಲ್ಲ ಎನ್ನುತ್ತಾರೆ. ನಿಧಾನವಾಗಿ ಜಗಿದು, ಚುರುಗುಟ್ಟಿದೊಡನೆ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು ಬಿಡಬೇಕು. ಇದನ್ನು ವಿವರಿಸಿದಾಗ ಮಾವ ನಕ್ಕರು: “ಕೆನ್ನೇಲಿ ಇಟ್ಕಂಬದು ನಂಗೆ ಹೇಳಿಕೊಡವಾ?” ಜಗುಲಿಯ ಒಂಬತ್ತು ನಿಕೋಟಿನ್‌ಗಿಂತ ಹೆಚ್ಚಾಗಿ ಆ ಎರಡು ನಿಮಿಷದ ಹಸಿವು: ಒರೆಸುವ, ಸವರುವ, ಮಡಚುವ, ಎದುರಿನವರನ್ನು ಅಳೆಯುವ ಹೊತ್ತು. ಅದನ್ನು ಗಮ್ ಕೊಡಲಾರದು. ಹಾಗಾಗಿ ಅಟ್ಟದಿಂದ ಹರಿವಾಣ ಕೆಳಗಿಳಿಯಿತು. ಅತ್ತೆಗೆ ಇದು ಸುತಾರಾಂ ಒಪ್ಪಿಗೆಯಿರಲಿಲ್ಲ. ಡಬ್ಬಿಗಳು ಅವೇ, ಒಳಗಿನದು ಮಾತ್ರ ಬೇರೆ: ಸೋಂಪು, ಏಲಕ್ಕಿ, ಲವಂಗ, ಒಣಕೊಬ್ಬರಿ. ಮಾವ ಏಲಕ್ಕಿಯ ಸಿಪ್ಪೆ ಬಿಡಿಸುತ್ತಾರೆ, ಕೊಬ್ಬರಿಯನ್ನು ಅದೇ ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸುತ್ತಾರೆ, ಎರಡು ನಿಮಿಷ ತೆಗೆದುಕೊಳ್ಳುತ್ತಾರೆ. ಸಾಲ ಕೇಳಲು ಬಂದವರು ಕಾಯುತ್ತಾರೆ.

ಎಷ್ಟು ದಿನಕ್ಕೆ ರೂಢಿಯಾಗುತ್ತದೆ? ಎಲ್ಲರ ಬಾಯಲ್ಲೂ 21 ದಿನ ಎಂಬ ಲೆಕ್ಕವಿದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರಿಗೆ ಹೊಸ ಮುಖ ತನ್ನದೆನಿಸಲು ಕನಿಷ್ಠ 21 ದಿನ ಬೇಕು ಎಂದು ಆತ ಕಂಡದ್ದನ್ನು ಬರೆದ. ಕನಿಷ್ಠ ಎಂಬ ಪದ ದಾರಿಯಲ್ಲಿ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಗಮನಿಸಿದಾಗ, ಊಟದ ಜೊತೆ ಹಣ್ಣು ತಿನ್ನುವುದೋ ನೀರು ಕುಡಿಯುವುದೋ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಎಂಬ ಅಂದಾಜು ಸಿಕ್ಕಿತು. (84 ದಿನದ ಅಧ್ಯಯನದಲ್ಲಿ 254 ಹೇಗೆ ಎನ್ನುವವರಿಗೆ: ಗೆರೆಯನ್ನು ಗಣಿತದಿಂದ ಮುಂದಕ್ಕೆ ಎಳೆದದ್ದು.) ನಡುವಿನ ಲೆಕ್ಕ 66 ದಿನ. ಪತ್ರಿಕೆಗಳು ಈಗ 66 ಅನ್ನು ಹಿಡಿದುಕೊಂಡಿವೆ. ನನಗೆ ಅದರಲ್ಲಿ ಬೆಲೆಯುಳ್ಳದ್ದೆನಿಸಿದ್ದು ಇನ್ನೊಂದು ಮಾತು: ಒಂದು ದಿನ ತಪ್ಪಿದರೆ ಕಟ್ಟಿದ್ದು ಹೇಳಿಕೊಳ್ಳುವಷ್ಟು ಕುಸಿಯುವುದಿಲ್ಲ. ಒಂದು ದಿನ ತಪ್ಪಿದ್ದಕ್ಕೆ ‘ಇನ್ನೇನು, ಎಲ್ಲ ಹೋಯಿತು’ ಎಂದು ಮುಂದಿನ ಹತ್ತು ದಿನ ಕೈಚೆಲ್ಲುವುದರಿಂದ ಕುಸಿಯುತ್ತದೆ.

ತಂಬಾಕು ಬಿಡಲು ಸಹಾಯ ಕೇಳುವ ನಂಬರು ಹುಡುಕಬೇಕಿಲ್ಲ, 1800-11-2356 ಎಂದು ಪ್ಯಾಕೆಟ್ಟಿನ ಮೇಲೆಯೇ ಅಚ್ಚಾಗಿದೆ. ನಲವತ್ತು ವರ್ಷ ಪ್ಯಾಕೆಟ್ಟಿಲ್ಲದ ಸಡಿಲು ತಂಬಾಕು ಕೊಂಡ ಮಾವ ಅದನ್ನು ನೋಡಿಯೇ ಇರಲಿಲ್ಲ.

ಈ ವೈಶಾಖದಲ್ಲಿ ಮನೆತನದ ಒಂದು ಮದುವೆ. ಊಟವಾದ ಮೇಲೆ ಚಪ್ಪರದ ಮೂಲೆಯಲ್ಲಿ ಹಳೆಯ ಬಳಗ ಕೂಡಿತು, ನಾಲ್ಕು ಸಂಚಿ ಬಿಚ್ಚಿದವು. ಮಾವ ಸೋಂಪಿನ ಡಬ್ಬಿಯನ್ನು ಮನೆಯಲ್ಲೇ ಮರೆತಿದ್ದರು, ಅಥವಾ ಮರೆತೆ ಎಂದರು. ದೂರದಿಂದ ನೋಡಿದೆ: ತೊಟ್ಟು ಮುರಿದರು, ಪಂಚೆಗೆ ಒರೆಸಿದರು, ಸುಣ್ಣ ಸವರಿದರು. ಕೈಗೆ ಒಂದು ಹೆಜ್ಜೆಯೂ ಮರೆತಿರಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ನಾನು ಹೆಬ್ಬೆರಳು ಬಾಯಿಂದ ತೆಗೆದೆ.

ಮರುವಾರ ಹೋದಾಗ ಜಗುಲಿಯಲ್ಲಿ ಕೊಬ್ಬರಿ ಕತ್ತರಿಸುತ್ತ ಕೂತಿದ್ದರು. ಲೆಕ್ಕದ ಪುಸ್ತಕ ಪಕ್ಕದಲ್ಲಿತ್ತು. ಕೇಳದೆಯೇ ತೆಗೆದು ನೋಡಿದೆ. ಆ ತಿಂಗಳ ಪುಟದಲ್ಲಿ ಒಂದೇ ಗೀಟು, ಅದರ ಮುಂದೆ ‘ಮದುವೆ’ ಎಂದು ಬರೆದಿತ್ತು. ಕೆಳಗೆ ಸೊಸೈಟಿಗೆ ಹಾಕಿದ ಚಾಲಿ ಅಡಿಕೆಯ ತೂಕ, ಕೊನೆಕೊಯ್ಲಿನವನಿಗೆ ಕೊಡಬೇಕಾದ ಬಾಕಿ.